ಇಟ್ಟಂಗಿ ಮೇಲಿನ ಮಂಚ

ಆಗಸ್ಟ್ 26, 1951. ಐತವಾರ. ಕಮಲಾಪುರ

ಮಗಳು ಶಿವಕಾಂತ ಹಡೆದಳು. ಗಂಡು ಕೂಸು. ಬಣ್ಣ ನೋಡಿದರೆ ನಮ್ಮೂರ ಕೆಂಪು ಬಾಳೆಹಣ್ಣೇ. ನಾನು ಹಾಗೆ ಅಂದದ್ದಕ್ಕೆ ಒಳಗಿನಿಂದ ಅಕ್ಕ ಬೈದಳು, "ಬಾಯಿ ತೊಳ್ಕೊಂಡು ಮಾತಾಡೋ ದೌಲ್ಯಾ, ಕೂಸಿಗಿ ದೃಷ್ಟಿ ಆಗ್ತದ." ಮಗಳು ನಕ್ಕದ್ದು ಕೇಳಿಸಿತು. ಅಷ್ಟು ಒದ್ದಾಡಿದವಳು ನಕ್ಕಳಲ್ಲ, ಸಾಕು.

ಈ ಡೈರಿ ನನ್ನ ಬಾಳೆಹಣ್ಣು ಮಾರಿಕೊಡುವ ಕಲಬುರಗಿ ಗಂಜಿನ ಅಡತಿ ಅಂಗಡಿಯವರು ಕೊಟ್ಟದ್ದು. ಇಷ್ಟು ದಿನ ಬಾಳೆಗೊನೆಯ ಕೆಳಗೆ ಬಿದ್ದಿತ್ತು. ಮೊಮ್ಮಗ ಹುಟ್ಟಿದ ತಾರೀಖು ಬರೆದಿಡೋಣ ಎಂದು ತೆಗೆದೆ, ಬರೆಯುತ್ತಾ ಹೊರಟೆ. ಮಠದ ಸಾಲೆಯಲ್ಲಿ ಮೂರು ಇಯತ್ತೆ ಕಲಿತವನಿಗೆ ಇದೂ ಒಂದು ಚಟ. ಮೊದಲು ತಾರೀಖು ಎಂದರೆ ಫಸಲಿ. ಮೆಹರ್, ಆಬಾನ್ ಎಂದು ತಿಂಗಳು ಹೇಳುತ್ತಿದ್ದೆವು. ಪೊಲೀಸ್ ಆಕ್ಷನ್ ಆಗಿ ನಿಜಾಮರು ಇಳಿದ ಮೇಲೆ ತಿಂಗಳುಗಳ ಹೆಸರೂ ಬದಲಾದವು, ಕಚೇರಿಯ ಭಾಷೆ ಬದಲಾಯಿತು, ಮಂದಿಯ ತಲೆಯ ಮೇಲಿನ ಟೋಪಿ ಬದಲಾಯಿತು. ಬದಲಾಗದವಳು ನಮ್ಮ ಅಕ್ಕ ಚಂದಮ್ಮ ಒಬ್ಬಳೇ. ನನ್ನ ಹೆಂಡತಿ ತೀರಿಕೊಂಡಾಗಿನಿಂದ ಈ ಮನೆಯ ನಿಜಾಮ ಅವಳು. ಅವಳನ್ನು ಇಳಿಸಲು ಯಾವ ಫೌಜೂ ಬರಲಿಲ್ಲ.

ನಾಳೆಯಿಂದ ಅಕ್ಕನ ಬಾಣಂತನ ಸುರು. ಮುಂಜಾನೆ ಎಣ್ಣೆ, ಆಮೇಲೆ ಸುಡುವ ನೀರು, ಆಮೇಲೆ ಕೆಂಡದ ಶಾಖ. ಓಣಿಯ ಬಾಣಂತಿಯರನ್ನೆಲ್ಲ ತಿಕ್ಕಿ ಎಬ್ಬಿಸಿದ ಕೈ ಅದು. ಅಕ್ಕ ತಿಕ್ಕಿದರೆ ಬಾಗಿಲ ಚೌಕಟ್ಟೂ ಎದ್ದು ನಡೆಯುತ್ತದೆ ಎಂದು ಕಟ್ಟೆಯ ಮೇಲೆ ಕೂತು ನಾನೇ ಹೇಳಿದ್ದೇನೆ. ಮಂದಿ ಹೊಟ್ಟೆ ಹಿಡಿದು ನಕ್ಕಿದ್ದಾರೆ.

ಸೆಪ್ಟೆಂಬರ್ 3, ಸೋಮವಾರ

ಮಗಳ ಎಡಗಾಲು ಊದಿದೆ. ಮೊದಲು ಮೀನಖಂಡದಲ್ಲಿ ನೋವು ಎಂದಳು. ಆಮೇಲೆ ಮೊಣಕಾಲಿಗೆ ಬಂತು, ಈಗ ತೊಡೆಯ ತನಕ ಏರಿದೆ. ಬೆಳ್ಳಗೆ ಬಿಗಿದುಕೊಂಡು ಮಿಂಚುತ್ತದೆ, ಸುಲಿದ ಬಾಳೆದಿಂಡಿನ ಹಾಗೆ. ಮೈ ಬೆಚ್ಚಗಿದೆ.

ಊದಿದ್ದು ಒಂದೇ ಕಾಲು. ಡಾಕ್ಟರಾದದ್ದು ಊರಿಗೆ ಊರೇ.

ಅಕ್ಕ ಹೇಳಿದಳು, "ವಾತ ಕುಂತದ. ಇನ್ನಾ ಜೋರ್ಲೆ ತಿಕ್ಕಿ ಇಳಸ್ಬೇಕು."

"ಹೌದಕ್ಕಾ, ತಿಕ್ಕು," ಎಂದೆ.

ಹಕೀಮ ಚಾಂದಪಾಶಾ ಬಂದ. ನನ್ನ ಜೊತೆ ಗೋಲಿ ಆಡಿ ಬೆಳೆದವನು. ಕಾಲನ್ನು ದೂರದಿಂದಲೇ ನೋಡಿ ಗಡ್ಡ ಸವರಿಕೊಂಡ. "ಖರಾಬ್ ಖೂನ್ ಜಮಾ ಆಗ್ಯಾದ ದೌಲಪ್ಪಾ. ನಾಕು ಜಿಗಣಿ ಹಚ್ಚಿದ್ನೆಂದ್ರ ಕುಡದು ಕುಡದು ತಾವೇ ಕೆಳಗ ಬೀಳ್ತಾವ. ಬುಧವಾರ ತರ್ತೀನಿ."

"ತಗೊಂಡು ಬಾರೋ ಪಾಶಾ. ಅವತ್ತು ಗಣಪತಿ ಹಬ್ಬ, ಅವಕ್ಕೂ ಹಬ್ಬದೂಟ ಆಗ್ಲಿ," ಎಂದೆ. ನಗುತ್ತಾ ಹೋದ.

ಅಳಿಯ ನಾಗಣ್ಣನವರು ಬಂದರು. ಕಲಬುರಗಿಯ ಕಚೇರಿಯಲ್ಲಿ ಗುಮಾಸ್ತರು. ಉರ್ದು ಬರೆದು ಬರೆದು ಅವರ ಕೈ ಬಲದಿಂದ ಎಡಕ್ಕೆ ಓಡುತ್ತದೆ. ಈಗ ಇಂಗ್ಲಿಷ್ ಬಂದು ಎಡದಿಂದ ಬಲಕ್ಕೆ ಓಡಬೇಕಾಗಿದೆ, ಪಾಪ ಹಾಳೆಯ ನಡುವೆ ಎಲ್ಲೋ ನಿಂತುಬಿಟ್ಟಿದ್ದಾರೆ. "ಮಾವಾ, ಹೈದರಾಬಾದಿಗಿ ಒಯ್ದು ಆಪರೇಶನ್ ಮಾಡ್ಸೂನು. ಈಗೇನಿದ್ರೂ ಆಪರೇಶನ್ ಜಮಾನಾ. ನಾ ಬುಧವಾರ ಡಾಕ್ಟರಿಗಿ ಕರ್ಕೊಂಡು ಬರ್ತೀನಿ, ಚಿಟ್ಠಿ ಬರ್ಸ್ಕೊಂಬೂನು."

"ಮಾಡ್ಸೂನ್ರಿ ಅಳಿಯಂದ್ರ," ಎಂದೆ.

ಯಾರಿಗೂ ಇಲ್ಲ ಎಂದವನಲ್ಲ ನಾನು. ಹೌದು ಎಂದರೆ ಮಂದಿ ನಕ್ಕು ಎದ್ದು ಹೋಗುತ್ತಾರೆ. ಇಲ್ಲ ಎಂದರೆ ಕೂತುಬಿಡುತ್ತಾರೆ. ಪೊಲೀಸ್ ಆಕ್ಷನ್ ಆದ ವರ್ಷ ನಿಜಾಮರ ಕಡೆಯ ರಜಾಕಾರರು ಬಂದು "ನೀ ನಮ್ಮವನೋ?" ಎಂದಾಗ ಹೌದೆಂದೆ. ಕಾಂಗ್ರೆಸಿನವರು ಬಂದು ಕೇಳಿದಾಗಲೂ ಹೌದೆಂದೆ. ಇಬ್ಬರೂ ಬಾಳೆಹಣ್ಣು ತಿಂದು ಹೋದರು.

ಸೆಪ್ಟೆಂಬರ್ 5, ಬುಧವಾರ

ಎಲ್ಲರಿಗೂ ಹೌದೆಂದರೆ ಎಲ್ಲರೂ ಒಂದೇ ದಿನ ಬರುತ್ತಾರೆ ಎಂಬುದು ನನಗೆ ಹೊಳೆದಿರಲಿಲ್ಲ.

ಒಳಗೆ ಅಕ್ಕ ಸೆರಗು ಸಿಕ್ಕಿಸಿ ಕಾಲು ತಿಕ್ಕುತ್ತಿದ್ದಾಳೆ, ಮಗಳು "ಅತ್ತೀ, ಸಾಕು, ಸಾಕು" ಎಂದು ಹಲ್ಲು ಕಚ್ಚಿಕೊಂಡಿದ್ದಾಳೆ. ಪಡಸಾಲೆಯಲ್ಲಿ ಪಾಶಾ ಜಿಗಣಿಯ ಗಡಿಗೆ ಇಟ್ಟುಕೊಂಡು ಕೂತಿದ್ದಾನೆ. ಅಷ್ಟರಲ್ಲಿ ಅಳಿಯಂದಿರು ಡಾಕ್ಟರ್ ಹಣಮಂತರಾಯರನ್ನು ಕರೆದುಕೊಂಡು ನುಗ್ಗಿದರು. ಅವಸರದಲ್ಲಿ ಗಡಿಗೆ ಉರುಳಿತು. ಒಂದು ಜಿಗಣಿ ಅಳಿಯಂದಿರ ಪತ್ಲೂನು ಏರಿತು. ಅವರು ಕುಣಿದರು. "ಅಳಿಯಂದ್ರಿಗಿ ಆಪರೇಶನ್ ಸುರು ಆಯ್ತು" ಎಂದು ನಾನು ಕೂಗಿದೆ. ಓಣಿಯೆಲ್ಲ ನಕ್ಕಿತು.

ಡಾಕ್ಟರು ನಗಲಿಲ್ಲ. ಒಳಗೆ ಅಕ್ಕನ ಕೈ ನೋಡಿ ಎಂಥ ದನಿ ತೆಗೆದರೆಂದರೆ, ಹಗ್ಗದ ಹಾಗಿರುವ ಮನುಷ್ಯನಲ್ಲಿ ಅಷ್ಟು ದನಿ ಎಲ್ಲಿತ್ತೋ. "ಕೈ ತೆಗೀರಿ! ಮೊದ್ಲ ಕೈ ತೆಗೀರಿ!"

ಅಕ್ಕನಿಗೆ ಹಾಗೆ ಹೇಳಿದವರು ಹುಟ್ಟಿರಲಿಲ್ಲ. ಕೈ ಹಾಗೇ ಗಾಳಿಯಲ್ಲಿ ನಿಂತಿತು.

ಡಾಕ್ಟರು ಕಾಲು ಮುಟ್ಟಿ ನೋಡಿದರು, ತೊಡೆಯ ಸಂದು ಒತ್ತಿ ನೋಡಿದರು. ಹೊರಗೆ ಬಂದು ನನಗೆ ಹೇಳಿದರು, "ಇದು ವಾತ ಅಲ್ಲ ದೌಲಪ್ಪ. ಆಳದ ನರದಾಗ ರಕ್ತ ಹೆಪ್ಪುಗಟ್ಯಾದ, ಹಾಲು ಮಸರು ಆದ್ಹಂಗ. ಬಾಣಂತೇರಿಗಿ ಆಗ್ತಿರ್ತದ. ಅಲ್ಲೇ ಇದ್ರ ಕಾಲಷ್ಟೇ ಊದ್ತದ. ತಿಕ್ಕಿದ್ರಿ ಅಂದ್ರ ಒಂದು ತುಣುಕು ಕಿತ್ಕೊಂಡು ಎದಿಗಿ ಹೋಗಿ ಉಸಿರಿನ ಚೀಲದಾಗ ಕುಂಡರ್ತದ."

"ಕುಂತ್ರ?"

"ಕುಂತ್ರ ಮುಗೀತು."

ಕಲಬುರಗಿಯ ತಮ್ಮ ದವಾಖಾನೆಗೆ ಕೂಡಲೇ ಒಯ್ಯಬೇಕು ಎಂದರು ಡಾಕ್ಟರು, ನಾನು ಲಾರಿ ತರಲು ಓಡಿದೆ.

ಗೊನೆ ಒಯ್ಯುವ ಲಾರಿಯಲ್ಲಿ ಹುಲ್ಲು ಹಾಸಿ, ಮೇಲೆ ಬಾಳೆಯ ಒಣ ಎಲೆ ಹಾಸಿ, ಅದರ ಮೇಲೆ ಹಾಸಿಗೆ ಹಾಕಿದೆ. ಹಣ್ಣು ನುಗ್ಗಾಗದಂತೆ ಒಯ್ಯುವುದು ಒಂದೇ ನನಗೆ ಗೊತ್ತಿರುವ ವಿದ್ಯೆ. ಕಲಬುರಗಿ ತನಕ ಡ್ರೈವರನಿಗೆ ಬೈಯುತ್ತಾ ಬಂದೆ.

ಸೆಪ್ಟೆಂಬರ್ 6, ಗುರುವಾರ. ಕಲಬುರಗಿ

ಇದು ವ್ಯಾಪಾರಸ್ಥರ ಕಮಿಟಿ ನಡೆಸುವ ಸಣ್ಣ ಧರ್ಮದ ದವಾಖಾನೆ. ಶರಣಬಸವೇಶ್ವರ ಗುಡಿಯ ಗಂಟೆ ಕೇಳುವಷ್ಟು ಹತ್ತಿರ. ಇರುವುದು ಒಂದೇ ವಾರ್ಡು, ಅರ್ಧ ಗಂಡಸರಿಗೆ, ಅರ್ಧ ಹೆಂಗಸರಿಗೆ. ಹೆಂಗಸರ ಕಡೆಯ ಮೂಲೆಯ ಮಂಚ ಶಿವಕಾಂತಳದು.

ಕಾಲ ಕಡೆಯ ಮಂಚದ ಕಾಲುಗಳ ಕೆಳಗೆ ಇಟ್ಟಂಗಿ ಇಟ್ಟು ಎತ್ತರಿಸಿದ್ದಾರೆ. ರಕ್ತ ತಾನಾಗಿ ಇಳಿದು ಬರಲಿ ಎಂದು. ತಲೆ ಕೆಳಗೆ, ಕಾಲು ಮೇಲೆ. ಅಕ್ಕ ನೋಡಿ ಹಣೆ ಬಡಿದುಕೊಂಡಳು, "ಇಕಿ ಬಾಣಂತಿನೋ, ಬಾವಲಿನೋ?"

ಡಾಕ್ಟರು ಅಳಿಯಂದಿರನ್ನೂ ನನ್ನನ್ನೂ ಕೂರಿಸಿಕೊಂಡು ದಾರಿಗಳನ್ನು ಹೇಳಿದರು. ಮಲಗಿಸಿ, ಕಾಲು ಎತ್ತರಿಸಿ, ಅಲ್ಲಾಡಿಸದೆ ಕಾಯುವುದು ಒಂದು ದಾರಿ. ಹೆಪಾರಿನ್ ಎಂಬ ಹೊಸ ಸೂಜಿಮದ್ದು ಇನ್ನೊಂದು. ಅದು ಇಲ್ಲಿ ಸಿಗುವುದಿಲ್ಲ, ಹೈದರಾಬಾದಿನಿಂದ ತರಬೇಕು. ತೊಡೆ ಕೊಯ್ದು ನರವನ್ನೇ ದಾರದಿಂದ ಕಟ್ಟಿಬಿಡುವುದು ಕೊನೆಯದು. ಹೆಪ್ಪು ಮೇಲೆ ಹೋಗದು, ಆದರೆ ಕಾಲು ಜನ್ಮವಿಡೀ ಊದಿಯೇ ಇರಬಹುದು.

ಆಪರೇಶನ್ ಎಂದು ಕುಣಿಯುತ್ತಿದ್ದ ಅಳಿಯಂದಿರು ದಾರ ಎಂದೊಡನೆ ಬೆವರಿದರು. "ಸೂಜಿ ಹಚ್ಚಿದ್ರ ಹೆಪ್ಪು ಕರಗ್ತದೇನ್ರಿ?"

"ಇಲ್ಲ. ಬೆಳಿಲಿಕ್ಕ ಬಿಡೂದಿಲ್ಲ, ಅಷ್ಟೇ. ಕರಗ್ಸೂದು ಆಕಿ ಮೈಯೇ ಮಾಡ್ಬೇಕು. ಸೂಜಿದೂ ಭಯ ಅದ. ಬಾಣಂತಿ ನೋಡ್ರಿ, ರಕ್ತ ಜಾಸ್ತಿ ತೆಳ್ಳಗಾದ್ರ ನಿಲ್ಲೂದಿಲ್ಲ."

ಅಂದರೆ ಮದ್ದು ಎಂಬುದು ಪೊಲೀಸ್ ಪಹರೆ ಇದ್ದ ಹಾಗೆ. ಕಳ್ಳನನ್ನು ಹಿಡಿಯುವುದಿಲ್ಲ, ಓಣಿಯ ಬಾಯಲ್ಲಿ ನಿಂತಿರುತ್ತದೆ, ಒಮ್ಮೊಮ್ಮೆ ನಮಗೇ ಲಾಠಿ ಬೀಸುತ್ತದೆ. ಹೀಗೆಂದದ್ದಕ್ಕೆ ಡಾಕ್ಟರು ಮೊದಲ ಸಲ ನಕ್ಕರು. ಅಳಿಯಂದಿರು ಸಂಜೆಯ ಗಾಡಿಗೆ ಹೈದರಾಬಾದಿಗೆ ಹೋದರು.

ನರ್ಸ್ ಅಕ್ಬರಿ ಬೇಗಂ ಎಂಬುವರು. ಅವರ ಯಜಮಾನರು ನಲವತ್ತೆಂಟರ ಸೆಪ್ಟೆಂಬರಿನಲ್ಲಿ, ಪೊಲೀಸ್ ಆಕ್ಷನ್ನಿನ ಗಲಾಟೆಯಲ್ಲಿ, ಮನೆಯಿಂದ ಹೊರಗೆ ಹೋದವರು ತಿರುಗಿ ಬಂದಿಲ್ಲವಂತೆ. ಆ ಮಾತು ಇಲ್ಲಿ ಯಾರೂ ಎತ್ತುವುದಿಲ್ಲ.

ಸೆಪ್ಟೆಂಬರ್ 8, ಶನಿವಾರ

ಮಗಳು ಉಸಿರಾಡುತ್ತಿದ್ದಾಳೆ. ಇವತ್ತಿಗೆ ಇಷ್ಟೇ.

ಸೆಪ್ಟೆಂಬರ್ 9, ಐತವಾರ

ನಿನ್ನೆ ನಡೆದದ್ದು ಬರೆಯುತ್ತೇನೆ.

ವರಾಂಡದಲ್ಲಿ ರೋಗಿಗಳ ಮನೆಯವರನ್ನು ಕೂರಿಸಿಕೊಂಡು ನಾನು ಸೋಂಗು ಮಾಡುತ್ತಿದ್ದೆ. ದೊಡ್ಡ ಸೌಕಾರರು ನಿಜಾಮರ ಕಾಲದ ರೂಮಿ ಟೋಪಿ ತೆಗೆದು ಗಾಂಧಿ ಟೋಪಿ ಹಾಕಿಕೊಳ್ಳುವಾಗ ಮುಖ ಹೇಗೆ ಮಾಡುತ್ತಾರೆ ಎಂಬುದು. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಅಕ್ಕ ಬಾಗಿಲಲ್ಲಿ ಬಂದು ನಿಂತಳು. "ದೌಲ್ಯಾ, ಕೂಸಿನ ತಾಯಿ ಕಾಲು ಜಗ್ತದಂತ ಅಳ್ಳಿಕತ್ತಾಳ. ಹಗೂರಕ ಎಣ್ಣಿ ಕೈ ಆಡಸ್ಲೇನೋ? ಎಣ್ಣಿ ಕಾಣಲಾರ್ದ ಬಾಣಂತಿ ಹ್ಯಾಂಗ ಇರ್ಬೇಕು?"

ನಾನು ಟೋಪಿ ಬದಲಿಸುವ ಗಡಿಬಿಡಿಯಲ್ಲಿದ್ದೆ. "ಹ್ಞೂಂ, ಆಡ್ಸು," ಎಂದೆ.

ಮಂದಿ ಇನ್ನೂ ನಗುತ್ತಿದ್ದರು, ಒಳಗೆ ಅಕ್ಕ ಚೀರಿದಳು.

ಮಗಳು ಎದೆ ಹಿಡಿದುಕೊಂಡು ಎದ್ದು ಕೂತಿದ್ದಳು. ಬಾಯಿ ತೆರೆದಿದೆ, ಗಾಳಿ ಒಳಗೆ ಹೋಗುತ್ತಿಲ್ಲ. ತುಟಿ ನೀಲಿ. ನನ್ನನ್ನು ನೋಡಿದಳು, ಏನೋ ಹೇಳಬೇಕೆಂದಳು, ಕೆಮ್ಮು ಬಂತು, ಕೆಮ್ಮಿನಲ್ಲಿ ರಕ್ತ ಬಂತು. ಅಕ್ಬರಿ ಬೇಗಂ ಓಡಿ ಬಂದು ಬೆನ್ನಿಗೆ ದಿಂಬು ಕೊಟ್ಟರು. ಡಾಕ್ಟರು ಬಂದರು. ನನ್ನನ್ನು ಹೊರಗೆ ನೂಕಿದರು. ಹೊರಗೆ ಮಂದಿ ನನ್ನನ್ನೇ ನೋಡುತ್ತಿದ್ದರು, ಅದೂ ಸೋಂಗಿನ ಮುಂದಿನ ಭಾಗ ಎಂಬಂತೆ.

"ಸಣ್ಣ ತುಣುಕು," ಎಂದರು ಡಾಕ್ಟರು ಆಮೇಲೆ. "ದೊಡ್ಡದು ಹೋಗಿದ್ರ ನಾ ಬರೂತನಾ ಉಳೀತಿರ್ಲಿಲ್ಲ. ಇನ್ನೊಂದು ಹೋಗಬಾರ್ದು."

ಇವತ್ತು ಅಳಿಯಂದಿರು ಮದ್ದು ತಂದರು, ಕೂಸನ್ನು ತಂದ ಹಾಗೆ ಎದೆಗೆ ಅವಚಿಕೊಂಡು. ಸೂಜಿ ಸುರುವಾಯಿತು. ಸೂಜಿಗೆ ಮೊದಲು ಅಕ್ಬರಿ ಬೇಗಂ ಚೂರು ರಕ್ತ ತೆಗೆದು ಗಾಜಿನ ನಳಿಗೆಯಲ್ಲಿ ಹಾಕಿ, ಗಡಿಯಾರ ನೋಡುತ್ತಾ ವಾಲಿಸುತ್ತಾರೆ. ಅದು ಹರಿಯುವುದು ಬಿಟ್ಟು ಮೊಸರಾಗಲು ಎಷ್ಟು ಹೊತ್ತು ಹಿಡಿಯಿತು ಎಂಬುದರ ಮೇಲೆ ಮದ್ದಿನ ಲೆಕ್ಕ. ನಾನು ಹತ್ತಿರ ಬಗ್ಗಿ ನೋಡಿದೆ.

"ಉಸಿರು ಬಿಡಬ್ಯಾಡ್ರಿ ಭಾಯಿ ನಳಿ ಮ್ಯಾಲ," ಎಂದರು.

ಬಿಡಲಿಲ್ಲ.

ಅಕ್ಕ ಗೋಡೆಗೆ ಮುಖ ಮಾಡಿ ಕೂತಿದ್ದಾಳೆ. ಊಟ ಬಿಟ್ಟಿದ್ದಾಳೆ. ಆಡ್ಸು ಎಂದವನು ನಾನೇ, ಅವಳಿಗೆ ಏನಾದರೂ ಅನ್ನಲು ನನಗೆ ಮುಖ ಎಲ್ಲಿದೆ? ಸಂಜೆ ಅವಳ ಮುಂದೆ ರೊಟ್ಟಿ ಇಟ್ಟು, "ಉಣ್ಣು. ಉಂಡು ಇಕಿ ಕಾಲ ಕಡಿ ಕುಂಡ್ರು. ಯಾರೂ ಮುಟ್ಟಬಾರ್ದು," ಎಂದೆ. ಅಕ್ಕನಿಗೆ ನಾನು ಇದಕ್ಕೆ ಮೊದಲು ಹೀಗೆ ಮಾಡು ಎಂದು ಹೇಳಿದ್ದು ನೆನಪಿಲ್ಲ. ಎದ್ದು ಬಂದು ಕೂತಳು.

ಸೆಪ್ಟೆಂಬರ್ 12, ಬುಧವಾರ

ಚಾಂದಪಾಶಾ ಕಮಲಾಪುರದಿಂದ ಬಂದ. ಕೈಯಲ್ಲಿ ಗಡಿಗೆ. ನನಗೆ ಗಡಿಗೆ ಕಂಡೊಡನೆ ಸಿಟ್ಟು ಬಂತು.

ಅದೇ ಹೊತ್ತಿಗೆ ಡಾಕ್ಟರು ಬಂದರು, ಗಡಿಗೆ ನೋಡಿ ಸುಮ್ಮನಿರದೆ, "ಜಿಗಣಿ ಬಾಯಾಗೂ ರಕ್ತ ಹೆಪ್ಪುಗಟ್ಟಲಾರ್ದಂಗ ಮಾಡೂ ರಸ ಇರ್ತದ. ಅದಕ್ಕೇ ಕಚ್ಚಿದ್ದು ಭಾಳ ಹೊತ್ತು ಸೋರ್ತದ," ಎಂದುಬಿಟ್ಟರು.

ಪಾಶಾ ಎದ್ದು ನಿಂತ. "ಕೇಳಿದ್ಯಾ ದೌಲಪ್ಪಾ? ಸರಕಾರಿ ಡಿಗ್ರಿ ಇದ್ದವ್ರೇ ಒಪ್ಪಿದ್ರು! ನೀವು ಹೈದರಾಬಾದಿನಿಂದ ಬಾಟ್ಲಿಯಾಗ ತಂದೀರಿ, ನಾ ನಮ್ಮ ಕೆರಿಯಿಂದ ಗಡಗಿಯಾಗ ತಂದೀನಿ. ಇನ್ಸಾಫ್ ಹೇಳು."

ಡಾಕ್ಟರು ತಲೆ ಚಚ್ಚಿಕೊಂಡರು. "ರಸ ಅದ ಅಂದೆ, ಹಚ್ಚು ಅನ್ನಲಿಲ್ಲೋ ಮಾರಾಯಾ! ಮೊದ್ಲೇ ಸೂಜಿ ನಡದದ, ಈಗ ಕಚ್ಚಿಸಿದ್ರ ರಕ್ತ ನಿಲ್ಸಾಂವ ಯಾರು?"

"ಒಂದೇ ಜಿಗಣಿ," ಎಂದ ಪಾಶಾ ನನ್ನ ಕಡೆ ತಿರುಗಿ. "ಸಣ್ಣದು. ನನ್ನ ಸಲುವಾಗಿ."

"ಇಲ್ಲ."

"ನನಗ ಇಲ್ಲ ಅಂತೀ?"

"ನಿನಗೂ ಇಲ್ಲ, ನಿನ್ನ ಜಿಗಣಿಗೂ ಇಲ್ಲ. ಗಡಗಿ ಹೊರಗಿಡು, ಕೈ ತೊಳ್ಕೊಂಡು ಬಾ, ಕೂಸಿನ ಮುಖ ನೋಡು."

ಪಾಶಾ ನನ್ನನ್ನೇ ನೋಡಿದ. "ನಿನಗೇನಾಗ್ಯಾದೋ ದೌಲಪ್ಪಾ?"

"ನನಗೇನಾಗ್ಯಾದ? ಆಗಿದ್ದು ಮಗಳಿಗಿ."

ಕೂಸು ನೋಡಿ ಹೋದ. ಊರಿಗೆ ಹೋಗಿ ದೊಡ್ಡ ಡಾಕ್ಟರೇ ನನ್ನ ಜಿಗಣಿ ಒಪ್ಪಿದ್ದಾರೆ ಎಂದು ಸಾರುತ್ತಾನೆ, ನನಗೆ ಗೊತ್ತು. ಸಾರಲಿ.

ಸೆಪ್ಟೆಂಬರ್ 13, ಗುರುವಾರ

ಹಲ್ಲುಜ್ಜುವಾಗ ಮಗಳ ವಸಡಿನಲ್ಲಿ ರಕ್ತ ಬಂತು. ನಳಿಗೆಯ ರಕ್ತ ಬಹಳ ಹೊತ್ತು ಹರಿಯುತ್ತಲೇ ಇತ್ತು. ಡಾಕ್ಟರು ಇವತ್ತಿನ ಸೂಜಿ ತಡೆದರು. ಹೆಪ್ಪುಗಟ್ಟಿದರೂ ಭಯ, ಗಟ್ಟದಿದ್ದರೂ ಭಯ. ಸಂಜೆಗೆ ನಿಂತಿತು.

ಸೆಪ್ಟೆಂಬರ್ 15, ಶನಿವಾರ

ಕಮಿಟಿಯ ಸೆಕ್ರೆಟರಿ ಮಾಣಿಕಪ್ಪನವರು ಬಂದಿದ್ದರು. ಅರಿವೆ ಅಂಗಡಿಯವರು. ನಾನು ಹೋದ ವಾರ ಸೋಂಗು ಮಾಡಿದ್ದು ಇವರದೇ. ಸೋಮವಾರ ಪೊಲೀಸ್ ಆಕ್ಷನ್ನಿಗೆ ಮೂರು ವರ್ಷ ತುಂಬುತ್ತದೆ, ಹೈದರಾಬಾದಿನ ದೊಡ್ಡ ಸಾಹೇಬರು ದವಾಖಾನೆ ನೋಡಲು ಬರುತ್ತಾರೆ. ಗೋಡೆಗೆ ಸುಣ್ಣ, ಮಂಚಕ್ಕೆ ಹೊಸ ಚಾದರ. ನರಳುವ ರೋಗಿಗಳನ್ನು ಹಿಂದಿನ ಕೋಣೆಗೆ ಹಾಕಿ, ನೋಡಲು ಗಟ್ಟಿಮುಟ್ಟಾದವರನ್ನು ಮುಂದಿನ ಮಂಚಗಳಲ್ಲಿ ಮಲಗಿಸಿದರು. ಸಾಲದೆ ಬಂದದ್ದಕ್ಕೆ ತಮ್ಮ ಅಂಗಡಿಯ ಹಮಾಲನೊಬ್ಬನನ್ನೂ ಮಲಗಿಸುವವರಿದ್ದಾರೆ.

ಮೂಲೆಯ ಮಂಚದ ಮುಂದೆ ನಿಂತರು. ಮಗಳ ಕಾಲು ನೋಡಿದರು, ಎದುರಿನ ಗೋಡೆ ನೋಡಿದರು. ಮೊದಲು ಆ ಮೊಳೆಗೆ ನಿಜಾಮರ ಫೋಟೋ ಇತ್ತು. ಈಗ ದೇಶದ ದೊಡ್ಡ ನಾಯಕರ ಫೋಟೋ ಇದೆ, ಹಳೆಯ ಚೌಕಟ್ಟಿನ ಕಲೆ ಮುಚ್ಚಲಿ ಎಂದು ಎರಡು ಪಟ್ಟು ದೊಡ್ಡದು ಮಾಡಿಸಿದ್ದಾರೆ.

"ಏನ್ರಿ ಡಾಕ್ಟರೇ ಇದು? ನೇರ ಫೋಟೋಕ್ಕ ಒದ್ದಂಗ ಕಾಣ್ತದಲ್ಲ!"

"ಕಾಲು ಎತ್ತರ ಇರ್ಬೇಕ್ರಿ."

"ಮಂಚ ತಿರಗ್ಸಿ ಹಾಕ್ರಿ."

"ತಿರಗ್ಸಿದ್ರ ಆ ಗ್ವಾಡಿಗಿ ಶರಣರ ಪಟ ಅದ."

ಮಾಣಿಕಪ್ಪನವರು ಯೋಚಿಸಿದರು. ಅಕ್ಕ ಕೇಳಿದಳು, "ಆ ಫೋಟೋನೇ ಇಳಸ್ರಲ್ಲ ಯಪ್ಪಾ."

"ಅದನ್ನ ಏರಸ್ಲಿಕ್ಕ ಕಮಿಟಿ ಠರಾವು ಆಗ್ಯಾದವ್ವಾ. ಇಳಸ್ಲಿಕ್ಕೂ ಠರಾವು ಬೇಕು. ಸೋಮವಾರದೊಳಗ ಮೀಟಿಂಗ್ ಕೂಡೂದಿಲ್ಲ." ನನ್ನ ಕಡೆ ತಿರುಗಿದರು. "ಒಂದ್ ತಾಸಿನ ಮಾತು ದೌಲಪ್ಪ. ಸಾಹೇಬರು ಬಂದು ಹೋಗೂತನಾ ಇಟ್ಟಂಗಿ ತೆಗ್ಯೂನು. ಕಾಲಿಗಿ ಚಾದರ ಹೊಚ್ಚೂನು."

ಡಾಕ್ಟರು ನೆಲ ನೋಡುತ್ತಾ, "ಮಂಚ ಎತ್ತಿ ಇಳಸ್ಬಾರ್ದು ಅಂತ ನನ್ನ ಅಭಿಪ್ರಾಯ... ಆದ್ರ ಕಮಿಟಿ..." ಎಂದರು. ಪಾಪ, ಅವರ ಪಗಾರ ಕೊಡುವುದು ಕಮಿಟಿ.

"ಇಲ್ರಿ," ಎಂದೆ.

"ಏನಂದಿ?"

"ಇಟ್ಟಂಗಿ ಮುಟ್ಟಗೊಡೂದಿಲ್ಲ."

ಮಾಣಿಕಪ್ಪನವರು ದನಿ ಇಳಿಸಿದರು. "ದೌಲಪ್ಪ, ಇದು ಫೋಟೋದ ಮಾತು. ನಾಳಿ ಮಂದಿ ನಿನಗ ರಜಾಕಾರರವ ಅಂದ್ರು ಅಂದ್ರ? ಆಗ ನೀ ಅವ್ರಿಗಿ ಬಾಳಿಹಣ್ಣು ಕೊಟ್ಟಿದ್ದಿ ಅಂಬೂದು ಗೊತ್ತದ."

ರಜಾಕಾರರವ ಎಂಬ ಆ ಒಂದು ಮಾತಿಗೆ ಯಾರು ಯಾರ ಮನೆಗೆ ಏನೇನಾಯಿತು ಎಂಬುದು ಎಲ್ಲರಿಗೂ ಗೊತ್ತು. ಅಕ್ಬರಿ ಬೇಗಂ ನಳಿಗೆ ತೊಳೆಯುತ್ತಿದ್ದವರು ಹಾಗೇ ನಿಂತರು.

"ಕೊಟ್ಟೀನ್ರಿ. ನಿಮಗೂ ಕೊಟ್ಟೀನಿ," ಎಂದೆ. "ಏನ್ ಬೇಕಾದ್ದು ಅನ್ರಿ. ಇಟ್ಟಂಗಿ ಮಾತ್ರ ಇಲ್ಲ."

ಅವರು ಹೋದ ಮೇಲೆ ಇಟ್ಟಂಗಿ ಎಣಿಸಿದೆ, ಮತ್ತೆ ಎಣಿಸಿದೆ, ಲೆಕ್ಕ ತಪ್ಪುತ್ತಿತ್ತು. ಎರಡು ದಿನದಿಂದ ಸರಿಯಾಗಿ ಉಂಡಿಲ್ಲ, ಅದಕ್ಕೇ ಇರಬೇಕು.

ಸೆಪ್ಟೆಂಬರ್ 17, ಸೋಮವಾರ

ಮುಂಜಾನೆಯೇ ಮಾಣಿಕಪ್ಪನವರ ಇಬ್ಬರು ಆಳುಗಳು ಬಂದರು. ಅಕ್ಕ ಕೆಳಗೆ ಕೂತು ಒಂದೊಂದು ಕೈಯಲ್ಲಿ ಒಂದೊಂದು ಕಡೆಯ ಇಟ್ಟಂಗಿ ಹಿಡಿದುಕೊಂಡಳು. "ಬರ್ರಿ, ತೆಗೀರಿ. ಮೊದ್ಲ ನನ್ನ ಕೈ ಮ್ಯಾಲ ಮಂಚ ಇಳಸ್ರಿ." ನಾನು ಮಂಚಕ್ಕೆ ಬೆನ್ನು ಕೊಟ್ಟು ನಿಂತೆ. ಆಳುಗಳು ಬೀಡಿ ಸೇದಿ ಬರುತ್ತೇವೆಂದು ಹೋದರು.

ಅಷ್ಟರಲ್ಲಿ ಮೋಟಾರು ಬಂತು. ದೊಡ್ಡ ಸಾಹೇಬರು ಬಂದರು, ಹಾರ ಬಂತು, ಹಿಂದೆ ಮಾಣಿಕಪ್ಪನವರು. ಮೂಲೆಯ ಮಂಚ ಕಾಣದಂತೆ ಮೈ ಅಡ್ಡ ಹಿಡಿದುಕೊಂಡು ಏಡಿಯ ಹಾಗೆ ನಡೆದರು. ಸಾಹೇಬರು ಮಂಚವನ್ನೂ ನೋಡಲಿಲ್ಲ, ಕಾಲನ್ನೂ ನೋಡಲಿಲ್ಲ, ಫೋಟೋವನ್ನಂತೂ ನೋಡಲೇ ಇಲ್ಲ. ಕೈಗಡಿಯಾರ ನೋಡಿದರು. ಹಮಾಲನ ಮಂಚದ ಹತ್ತಿರ ನಿಂತು "ಹೇಗಿದ್ದೀರಿ?" ಎಂದು ಹಿಂದಿಯಲ್ಲಿ ಕೇಳಿದರು. ಅವನು ಎದ್ದು ನಿಂತು ಸಲಾಂ ಹೊಡೆದ. ಎಂಥ ಒಳ್ಳೆ ಚಿಕಿತ್ಸೆ ಎಂದು ಸಾಹೇಬರು ಡಾಕ್ಟರನ್ನು ಹೊಗಳಿದರು.

ಪೇಪರಿಗೆ ಫೋಟೋ ತೆಗೆಯಬೇಕಲ್ಲ. ಎಲ್ಲರೂ ದೊಡ್ಡ ಫೋಟೋದ ಕೆಳಗೆ ಸಾಲಾಗಿ ನಿಂತರು. ಫೋಟೋ ತೆಗೆಯುವವನು ಕರಿ ಬಟ್ಟೆಯೊಳಗಿಂದ ತಲೆ ತೆಗೆದು, "ಮ್ಯಾಲಿನ ಫೋಟೋದ ಕಾಜಿನ ಮ್ಯಾಲ ಕಿಡಕಿ ಬೆಳಕು ಹೊಳೀತದ. ಸಾಹೇಬ್ರ ಮುಖ ಬರೂದಿಲ್ಲ. ಅದನ್ನ ಇಳಸ್ರಿ," ಎಂದ.

ಮಾಣಿಕಪ್ಪನವರು ಠರಾವು ಕೇಳಲಿಲ್ಲ. ತಾವೇ ಸ್ಟೂಲು ಹತ್ತಿ ಇಳಿಸಿದರು. ಇಡಲು ಜಾಗ ಕಾಣದೆ ಗೋಡೆಗೆ ಮುಖ ಮಾಡಿ ಬೆಡ್‌ಪಾನುಗಳ ಪಕ್ಕದಲ್ಲಿ ನಿಲ್ಲಿಸಿದರು. ಮೊನ್ನೆ ಫೋಟೋ ಇಳಿಸದೆ ಸುತ್ತಲೂ ಸುಣ್ಣ ಬಳಿದಿದ್ದರು, ಹಾಗಾಗಿ ಒಳಗಿನ ನಿಜಾಮರ ಹಳೆಯ ಚೌಕಟ್ಟಿನ ಕಲೆ ಹಾಗೇ ಇತ್ತು. ಅದರ ಕೆಳಗೆ ನಿಂತು ಎಲ್ಲರೂ ನಕ್ಕು ಫೋಟೋ ತೆಗೆಸಿಕೊಂಡರು.

ಮಗಳು ದಿಂಬಿಗೆ ಮುಖ ಹಚ್ಚಿ ಕುಲುಕುತ್ತಿದ್ದಳು. ನಾನು ಬೆದರಿ ಹೋದೆ, ಉಸಿರು ಸಿಕ್ಕಿತೇನೋ ಎಂದು. ನಗುತ್ತಿದ್ದಳು. "ಹಿಂಗೆಲ್ಲಾ ನಗಬಾರ್ದು, ಎದಿ ಅಲಗ್ತದ," ಎಂದು ಬೈದೆ.

ಸೆಪ್ಟೆಂಬರ್ 21, ಶುಕ್ರವಾರ

ಕಾಲಿನ ಬಾವು ತೊಡೆಯಿಂದ ಇಳಿದಿದೆ. ಮೊಣಕಾಲಿನ ಚಿಪ್ಪು ಕಾಣುತ್ತಿದೆ. ಎದೆಯ ನೋವಿಲ್ಲ.

ನೋಡಲು ಬರುವ ಮಂದಿಯ ಕೈ ಬಾಗಿಲಲ್ಲೇ ಮೂಸಿ ನೋಡುತ್ತೇನೆ, ಎಣ್ಣೆ ವಾಸನೆ ಇದೆಯೋ ಎಂದು. ಬೀಗತಿ ದೊಡ್ಡ ಮುಖ ಊದಿಸಿಕೊಂಡು ಹೋದರು. ತೊಟ್ಟಿಲು ಯಾವಾಗ ಎಂದರು, ಈಗಿಲ್ಲ ಎಂದೆ. ಹೆಸರಾದರೂ ಇಡೋಣ ಎಂದರು, ಈಗಿಲ್ಲ ಎಂದೆ. ವರಾಂಡದಲ್ಲಿ ಮಂದಿ ನಾನು ಬಂದರೆ ಸರಿದು ಕೂರುತ್ತಾರೆ. ಕಲಬುರಗಿಯವರಿಗೆ ನಗೆಚಾಟಿಕೆ ಅಷ್ಟಾಗಿ ಸೇರುವುದಿಲ್ಲ ಎಂದು ಕಾಣುತ್ತದೆ.

ಸೆಪ್ಟೆಂಬರ್ 26, ಬುಧವಾರ

ಡಾಕ್ಟರು ಮುಂಜಾನೆ ಬಂದು ಕಾಲು ನೋಡಿದರು, ಎದೆಗೆ ನಳಿಗೆ ಇಟ್ಟು ಕೇಳಿದರು. "ಸೂಜಿ ಸಾಕು. ಕಾಲಿಗಿ ಪಟ್ಟಿ ಬಿಗೀರಿ. ಇವತ್ತು ಎದ್ದು ನಡೀಲಿ," ಎಂದರು.

"ಇಲ್ಲ," ಎಂದೆ.

"ದೌಲಪ್ಪ, ಮಲಗಬೇಕು ಅಂದಾಂವ ನಾನೇ, ಏಳಬೇಕು ಅನ್ನಾಂವನೂ ನಾನೇ."

"ಇನ್ನೊಂದು ತುಣುಕು ಹೋಗೂದಿಲ್ಲ ಅಂತ ಬರ್ದು ಕೊಡ್ರಿ."

"ಹ್ಯಾಂಗ ಬರ್ದು ಕೊಡ್ಲಿ? ಇನ್ನ ಮಲಗಿದ್ರನೇ ಹೊಸಾ ಹೆಪ್ಪು ಕಟ್ತದ. ನಡದ್ರ ರಕ್ತ ನಡೀತದ. ನಿಮಗ್ಯಾಂಗ ತಿಳಿಸ್ಲಿ!"

ಅಳಿಯಂದಿರು, "ಮಾವಾ, ಡಾಕ್ಟರು ಹೇಳ್ಯಾರಲ್ಲ," ಎಂದರು. ಇಲ್ಲ ಎಂದೆ. ಅಕ್ಕ, "ಏಳ್ಲಿ ಬಿಡೋ ದೌಲ್ಯಾ, ಕೂಸು ತಾಯಿ ಕೈ ಕಂಡಿಲ್ಲ," ಎಂದಳು. ಇಲ್ಲ ಎಂದೆ. ಅಕ್ಬರಿ ಬೇಗಂ ನನ್ನನ್ನು ಕೇಳಲೇ ಇಲ್ಲ. ಆಳು ಕರೆದು ಮಂಚ ಎತ್ತಿಸಿ ಇಟ್ಟಂಗಿ ತೆಗೆದರು. ಪಾದದಿಂದ ತೊಡೆಯ ತನಕ ಪಟ್ಟಿ ಸುತ್ತಿದರು, ಒಂದು ಸುತ್ತೂ ಸಡಿಲಾಗದಂತೆ.

ಶಿವಕಾಂತ ಎದ್ದು ಕೂತಳು. ಬಲಗಾಲು ಕೆಳಗೆ ಬಿಟ್ಟಳು. ಎಡಗಾಲು ಬರಲಿಲ್ಲ. ಎಳೆದಳು. ಬರಲಿಲ್ಲ.

"ಅಪ್ಪಾ," ಎಂದಳು.

"ಏನವ್ವಾ? ನೋವಾಯ್ತಾ? ನಾ ಹೇಳಿದ್ದಿಲ್ಲಾ?"

"ಕಾಲು ಬಿಡಪ್ಪಾ."

ನೋಡಿದರೆ ಅವಳ ಪಾದವನ್ನು ಎರಡು ಕೈಯಿಂದ ಹಿಡಿದುಕೊಂಡಿದ್ದವನು ನಾನು. ಯಾವಾಗ ಹಿಡಿದೆನೋ. ಬೆರಳು ಒಂದೊಂದಾಗಿ ಬಿಡಿಸಿದೆ.

ಅಕ್ಕನ ಹೆಗಲು ಹಿಡಿದು ನಿಂತಳು. ಒಂದು ಹೆಜ್ಜೆ ಇಟ್ಟು ನಿಂತಳು. ಮುಖ ಕಿವುಚಿತು, ಆದರೆ ಉಸಿರು ಸರಿಯಾಗಿತ್ತು, ನಾನು ಎದೆಯನ್ನೇ ನೋಡುತ್ತಿದ್ದೆ. ಆಮೇಲೆ ಅಕ್ಕನ ಹೆಗಲು ಬಿಟ್ಟಳು. ಕಾಲು ಎಳೆದುಕೊಂಡು ಕಿಟಕಿಯ ತನಕ ಹೋದಳು. ಅಲ್ಲಿ ಅಳಿಯಂದಿರು ಕೂಸು ಎತ್ತಿಕೊಂಡು ನಿಂತಿದ್ದರು. ಅವರ ಕೈಯಿಂದ ತೆಗೆದುಕೊಂಡಳು. ನಿಂತುಕೊಂಡೇ ಎತ್ತಿಕೊಂಡಳು.

ನಾನು ಬೇಡ, ಬೇಡ ಎನ್ನುತ್ತಲೇ ಇದ್ದೆ. ಪುಣ್ಯಕ್ಕೆ ಯಾರೂ ನನ್ನ ಮಾತು ಕೇಳಲಿಲ್ಲ.